ಭಾರ ಎಷ್ಟು ಜನರದ್ದು?

ಸ್ಕೂಟರ್ ರಿಪೇರಿಗೆ ಬಿಟ್ಟು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬಿತ್ತು. ಎದುರಿಗೆ ಅವರ ದೊಡ್ಡ ಫೋರ್ ವೀಲ್ ಜೀಪಿಗೆ, ಒಳಗೇ ಮಲಗಿ ಅಡುಗೆ ಮಾಡಿಕೊಳ್ಳಬಹುದಾದ ಕ್ಯಾರವಾನ್ ಗಾಡಿ ಎಳೆಯುವ ಕೊಂಡಿ ಕೂರಿಸುತ್ತಿದ್ದರು.

“ಹಿಂದಿನ ಸ್ಪ್ರಿಂಗ್ ಗಟ್ಟಿದು ಹಾಕಿಸ್ದೆ,” ಎಂದ ಗಂಡ. “ಕ್ಯಾರವಾನ್‌ಗೆ ಬೇರೆ ಬ್ರೇಕೂ ಇದೆ.”

“ಹೂಂ.”

“ಅಗಲದ ಕನ್ನಡಿ ಬಂತು. ಹಿಂದೆ ಬರೋದೆಲ್ಲ ಕಾಣುತ್ತೆ ನೋಡು.”

“ಮದುವೆ ಆದಾಗಿಂದ ಹಿಂದೇನೇ ಬರ್ತಿದೀನಿ. ಕಾಣ್ಲಿಲ್ಲ.”

“ರಿಟೈರ್ ಆಯ್ತಲ್ಲ, ಊರೂರು ಸುತ್ತೋಣ ಅಂತ. ನಿನಗೋಸ್ಕರಾನೇ ಕಣೇ ಇದೆಲ್ಲ.”

“ಬರ್ತೀಯಾ ಅಂತ ಒಂದ್ಮಾತು ಕೇಳಿದ್ರಾ?”

ದರ್ಜಿ ನಗು ನುಂಗಿಕೊಂಡ.

ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ. “ಸ್ಪ್ರಿಂಗ್ ಸೆಟ್ ಮಾಡೋಕೆ ಭಾರ ಎಷ್ಟು ಜನರದ್ದು ಹಿಡೀಲಿ, ಸಾರ್?”

ಗಂಡ ಹೆಂಡತಿಯ ಕಡೆ ತಿರುಗಿದ. “ಬರ್ತೀಯಾ?”

“ಓಡ್ಸೋದು ನಾನಾದ್ರೆ.”

ಅವನು ಮೆಕ್ಯಾನಿಕ್ಕಿಗೆ “ಇಬ್ಬರದ್ದು” ಎಂದು ಹೇಳಿ, ಕೀಲಿಯನ್ನು ಅವಳ ಕೈಗಿಟ್ಟ. ಅವಳು ಎದ್ದು ಹೋಗಿ, ಡ್ರೈವರ್ ಸೀಟನ್ನು ಮುಂದಕ್ಕೆಳೆದು ಕೂತಳು.