ಎಡಗಣ್ಣಿಗೆ ಕಳೆದ ಅರ್ಧ ಸ್ಟಾರ್

"ಹಲೋ… ಯಾರು ಮಾತಾಡ್ತಿರೋದು? … ಹಾಂ, ನಾನೇ. ಆ ಫೋನ್ ಬ್ಲಾಗಿನವಳೇ. ಹೇಳಿ."

ಕಾಲೇಜಿನ ಗೆಳತಿಯರ ಬಾಯಲ್ಲಿ ಅವಳ ಹೆಸರು ಮೂರೂವರೆ ಸ್ಟಾರ್. ಯಾವ ಫೋನು ಕೈಗೆ ಬಂದರೂ ಐದಕ್ಕೆ ಮೂರೂವರೆ ಕೊಟ್ಟು ಕೈ ತೊಳೆದುಕೊಳ್ಳುತ್ತಾಳೆಂದು ಇಟ್ಟ ಹೆಸರು. ಬ್ಲಾಗಿನಲ್ಲಿ ತನ್ನ ನಂಬರು ಹಾಕಿದ್ದು ಅವಳದೇ ಬುದ್ಧಿವಂತಿಕೆ. ಅಂದಿನಿಂದ ಮಧ್ಯಾಹ್ನದ ನಿದ್ದೆ ಎಂಬುದೊಂದಿತ್ತು ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಮೇಜಿನ ಮೇಲೆ ಪರೀಕ್ಷೆಯ ಪುಸ್ತಕ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಬೀದಿ ತುದಿಯ ಅಂಗಡಿಯವನು ಬರೆಯಲೆಂದು ಕೊಟ್ಟ ಹೊಸ ಫೋನು, ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬಾರದೆಂಬ ಷರತ್ತಿನೊಂದಿಗೆ.

"… ಅಲ್ಲ, ಮೊದ್ಲು ಬಜೆಟ್ ಹೇಳ್ಬಿಡಿ. ಎಲ್ರೂ ಅದನ್ನ ಕೊನೇಲಿ ಹೇಳ್ತಾರೆ, ಅಷ್ಟೊತ್ತಿಗೆ ನನ್ ಬಾಯಿ ಒಣಗಿರತ್ತೆ. … ಮಗನಿಗಾ? ಓದೋ ಹುಡುಗನಾ? ಓದೋ ಹುಡುಗನಿಗೆ ಯಾವ ಫೋನೂ ಒಳ್ಳೇದಲ್ಲ ಮೇಡಂ. ಬ್ಲಾಗಲ್ಲಿ ಹಾಗೆ ಬರೆಯಕ್ಕಾಗಲ್ಲ, ಅಷ್ಟೆ."

"… ಇಲ್ಲ ಇಲ್ಲ, ಬೇಜಾರು ನಿಮ್ ಮೇಲಲ್ಲ. ಸಾಕಾಗಿದೆ. ವಾರಕ್ಕೊಂದು ಫೋನ್ ಬರತ್ತೆ, ಅದೇ ರಾಗ ಅದೇ ಹಾಡು. ಹೋದ್ಸಲ ಕ್ಯಾಮೆರಾ ಮೂಲೇಲಿತ್ತು, ಈ ಸಲ ನಡುವೆ ಇದೆ, ಅದಕ್ಕೊಂದು ಹೊಸ ಹೆಸ್ರು. ಅಷ್ಟನ್ನೇ ನಾನು ಒಂದು ಪುಟ ಎಳೀಬೇಕು. ಮೊದಮೊದ್ಲು ಡಬ್ಬಿ ತೆಗೆಯೋವಾಗ ಊಟಾನೇ ಮರ್ತೋಗ್ತಿತ್ತು, ಗೊತ್ತಾ? ಈಗ ಡಬ್ಬಿ ನೋಡಿದ್ರೇ ಆಕಳಿಕೆ ಬರತ್ತೆ. ಓದೋರಿಗೂ ಫೋನ್ ಬೇಕಿಲ್ಲ. ಕೆಳಗೆ ಕಾಮೆಂಟಲ್ಲಿ ಜಗಳ ಆಡಕ್ಕೆ ಬರ್ತಾರೆ. ಇವನ ಕಂಪನಿ ಮೇಲಂತೆ, ಅವನ ಕಂಪನಿ ಕೀಳಂತೆ. ಕಂಪನಿ ಏನು ಇವರಪ್ಪನ ಮನೆದಾ? … ನಗಬೇಡಿ, ನಿಜ. ಪರೀಕ್ಷೆ ಮುಗಿಸಿ ಇದನ್ನ ಬಿಟ್ಬಿಡೋಣ ಅಂತಿದೀನಿ."

"… ಆ ಲೇಖನಾನಾ? ಓದಿದ್ರಾ ಅದನ್ನ? ಈ ವರ್ಷ ನಂಗೆ ಸ್ವಲ್ಪ ಖುಷಿ ಕೊಟ್ಟಿದ್ದು ಅದೊಂದೇ ಮೇಡಂ."

ಯಾವ ಫೋನು ಬಂದರೂ ಅವಳು ಕ್ಯಾಮೆರಾ ಪರೀಕ್ಷಿಸುತ್ತಿದ್ದುದು ಒಂದೇ ಮುಖದ ಮೇಲೆ, ಅಜ್ಜಿಯ ಮುಖದ ಮೇಲೆ. ನಡುಮನೆಯ ಕಿಟಕಿ, ಅದರ ಪಕ್ಕದ ಕುರ್ಚಿ, ಸಂಜೆಯ ಬೆಳಕು. ಸುಕ್ಕು, ನರೆ, ಕೆನ್ನೆಯ ಮೇಲಿನ ಚುಕ್ಕೆ, ಕ್ಯಾಮೆರಾದ ಬಂಡವಾಳ ಬಯಲಾಗಲು ಇನ್ನೇನು ಬೇಕು? ಈಚೆಗೆ ಒಂದು ಫೋನಿನಲ್ಲಿ ಅಜ್ಜಿಯ ಎಡಗಣ್ಣು ಸಣ್ಣದಾಗಿ ಬಂತು. ಅವಳು ಅರ್ಧ ಸ್ಟಾರ್ ಕಳೆದಳು. ಬೇರೆ ಕಂಪನಿಯ ಫೋನು ಬಂತು, ಅದರಲ್ಲೂ ಹಾಗೆಯೇ. ಮೂರನೆಯದರಲ್ಲೂ ಹಾಗೆಯೇ ಬಂದಾಗ, ಇವರೆಲ್ಲ ಒಂದೇ ಕಾರ್ಖಾನೆಯಿಂದ ಕೆಟ್ಟ ಲೆನ್ಸು ತರಿಸುತ್ತಾರೆ ಎಂದು ಉದ್ದದ ಲೇಖನ ಬರೆದುಬಿಟ್ಟಳು. ಬ್ಲಾಗಿಗೆ ಅಷ್ಟು ಜನ ಎಂದೂ ಬಂದಿರಲಿಲ್ಲ. ಭಲೇ ಪತ್ತೇದಾರಿ ಎಂದು ಹೊಗಳಿದ್ದೇ ಹೊಗಳಿದ್ದು.

"… ಹೌದು, ಎಡಗಣ್ಣೇ. ಅಂಚಲ್ಲಿ ಗಾಜು ಸರಿ ಇಲ್ದಿದ್ರೆ ಆ ಕಡೆ ಮುಖ ಎಳ್ದಂಗೆ ಕಾಣತ್ತೆ. ಮೂರು ಫೋನಲ್ಲೂ ಒಂದೇ ಥರ, ಅಲ್ವಾ? ಅದಕ್ಕೇ ಬರ್ದೆ. … ಹಾಂ? ನೀವು… ಕಣ್ಣಿನ ಡಾಕ್ಟ್ರಾ? ಮಗನಿಗೆ ಫೋನ್ ಹುಡುಕ್ತಾ ಆ ಲೇಖನ ಸಿಕ್ತಾ? ಮೊದ್ಲೇ ಹೇಳೋದಲ್ವಾ. … ಹೇಳಕ್ಕೆ ನಾನು ಬಿಟ್ರೆ ತಾನೆ. ಹೌದು, ತಪ್ಪು ನಂದೇ."

"… ಯಾವ ಫೋಟೋ? ಇರಿ, ಲ್ಯಾಪ್‌ಟಾಪ್ ತೆಗೀತೀನಿ. … ಹಾಂ, ಬಂತು. ಮೊದಲ್ನೇದ್ರಲ್ಲಿ ಅಜ್ಜಿ ಬಲಗಡೆ ಅಂಚಲ್ಲಿದಾರೆ. ಮೂರನೇದ್ರಲ್ಲಿ… ಎಡಗಡೆ ಅಂಚಲ್ಲಿ. ಕಿಟಕಿ ಪೂರ್ತಿ ಬರ್ಲಿ ಅಂತ ನಾನು ಆ ಕಡೆ ಹೋಗಿ ನಿಂತಿದ್ದೆ. … ಹಾಂ. … ಲೆನ್ಸಿನ ತಪ್ಪಾಗಿದ್ರೆ ಈ ಸಲ ಬಲಗಣ್ಣು ಸಣ್ಣದಾಗ್ಬೇಕಿತ್ತು. … ಆಗಿಲ್ಲ. ಎಡಗಣ್ಣೇ."

"… ಎರಡನೇ ಫೋಟೋನಾ? ಅದ್ರಲ್ಲಿ ಮುಖ ಸರಿಯಾಗಿ ಮಧ್ಯದಲ್ಲೇ ಇದೆ. ಅಂಚೇ ಅಲ್ಲ ಅದು."

ಅವಳು ಆ ಫೋಟೋಗಳನ್ನು ಮತ್ತೆ ದೊಡ್ಡದು ಮಾಡಿ ನೋಡಿದಳು. ಎಷ್ಟು ಸಲ ದೊಡ್ಡದು ಮಾಡಿಲ್ಲ ಅವನ್ನು? ಕೂದಲು ಎಳೆ ಎಳೆಯಾಗಿ ಬಂದಿದೆಯೇ, ನೆರಳಿನಲ್ಲಿ ಬಣ್ಣ ಕಲಸಿದೆಯೇ ಎಂದು ಮೂಗು ತೂರಿಸಿ ನೋಡಿದವಳು. ಮೂರು ಫೋನಿನ ತೂಕ, ಬೆಲೆ, ಬ್ಯಾಟರಿ ಎಲ್ಲವೂ ಅವಳಿಗೆ ಬಾಯಿಪಾಠ. ಅಜ್ಜಿಯ ರೆಪ್ಪೆ ಕಣ್ಣಿನ ಮೇಲೆ ಇಳಿದಿತ್ತು, ಮೊದಲನೆಯದಕ್ಕಿಂತ ಎರಡನೆಯದರಲ್ಲಿ ಹೆಚ್ಚು, ಮೂರನೆಯದರಲ್ಲಿ ಇನ್ನೂ ಹೆಚ್ಚು. ಅವಳಿಗೆ ಹೆದರಿಕೆಯಾಯಿತು.

"… ಎರಡೆರಡು ಕಾಣತ್ತಾ ಅಂತಾನಾ? … ಅಂತಿದ್ರು. ಹೊಸ ಕನ್ನಡಕ ಸರಿ ಇಲ್ಲ, ಒಂದು ಲೋಟ ಎರಡಾಗತ್ತೆ ಅಂತ. ನಾವೆಲ್ಲ ನಕ್ವಿ. ಬಿಡು, ಒಂದು ಲೋಟ ಕಾಫಿ ಕೊಟ್ರೆ ಎರಡು ಸಿಕ್ಕಂಗಾಯ್ತಲ್ಲ ಅಂದೆ ನಾನು. ಮೊನ್ನೆ ನೀರು ಲೋಟದ ಪಕ್ಕಕ್ಕೆ ಹುಯ್ದಿದ್ರು, ಅದಕ್ಕೂ ನಕ್ವಿ. … ತಪ್ಪನ್ನ ಅಜ್ಜಿ ಕನ್ನಡಕದ ಮೇಲೆ ಹಾಕಿದ್ರು, ನಾನು ಕ್ಯಾಮೆರಾ ಮೇಲೆ ಹಾಕ್ದೆ. ಕುಣಿಯಕ್ಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನನ್ ಕಥೆ. … ಹಾಂ? ತಲೆನೋವಿದೆ. ನಿನ್ನೆಯಿಂದ ಜೋರು. ಮಾತ್ರೆ ಕೊಟ್ಟು ಮಲಗ್ಸಿದ್ವಿ."

"… ಏನದು ಡಾಕ್ಟ್ರೆ? … ಫೋಟೋ ನೋಡಿ ಹೇಳಕ್ಕಾಗಲ್ಲ, ಸರಿ. ಆದ್ರೂ ಏನಿರಬಹುದು? … ಏನೂ ಇಲ್ದೇನೂ ಇರಬಹುದು. ಹಾಂ. ಇದ್ರೆ? … ತಲೆ ಒಳಗಿನ ರಕ್ತನಾಳ ಊದ್ಕೊಂಡಿರಬಹುದಾ? … ಈಗ್ಲೇನಾ? ಅಮ್ಮ ಕೆಲಸದಿಂದ ಬರೋದು ಸಂಜೆ, ಬಂದ್ಮೇಲೆ… ಇಲ್ಲ. ಸರಿ. ಕಾಯಲ್ಲ. ಈಗ್ಲೇ ನಿಮ್ ಆಸ್ಪತ್ರೆಗೆ ಬರ್ತೀವಿ. ನೀವು ಫೋನ್ ಇಡಬೇಡಿ, ಅಜ್ಜಿ ರೂಮಿಗೆ ಹೋಗ್ತಿದೀನಿ."

ನಡುಮನೆ ದಾಟಿ ಅಜ್ಜಿಯ ಕೋಣೆಗೆ ಇದ್ದದ್ದು ನಾಲ್ಕು ಹೆಜ್ಜೆ. ಅಲ್ಲಿ ಕಾಣುವುದನ್ನು ಕಾಣದೆ ಇರಲು ಸಾಧ್ಯವಿದ್ದಿದ್ದರೆ ಅವಳು ಅಲ್ಲೇ ನಿಂತುಬಿಡುತ್ತಿದ್ದಳು.

"… ಎದ್ದು ಕೂತಿದಾರೆ. ನನ್ ಕೈಲಿ ಫೋನ್ ನೋಡಿ ಕೂದ್ಲು ಸವರ್ಕೊತಿದಾರೆ, ಕ್ಯಾಮೆರಾ ಪರೀಕ್ಷೆಗೆ ಕರೆಯಕ್ಕೆ ಬಂದೆ ಅಂದ್ಕೊಂಡ್ರು. … ಹಾಂ, ನೋಡ್ತಿದೀನಿ. ಇಳ್ದಿದೆ. ಫೋಟೋಲಿ ಇರೋದಕ್ಕಿಂತ ಜಾಸ್ತೀನೇ. ಅರ್ಧ ಕಣ್ಣು ಮುಚ್ಚಿದೆ. … ಇರಿ, ಇರಿ."

"ಅಜ್ಜಿ, ಏನ್ ಮಾಡ್ತಿದೀಯ? ಬೆರಳು ತೆಗಿ. … ಯಾಕೆ ಹಾಗೆ ಹಿಡ್ಕೊಂಡಿದೀಯ? … ಯಾರು ಹೇಳಿದ್ದು ನಿಂಗೆ?"

"… ಇಲ್ಲ ಡಾಕ್ಟ್ರೆ, ಇದೀನಿ. ಅವರು… ಬೆರಳಲ್ಲಿ ರೆಪ್ಪೆ ಎತ್ತಿ ಹಿಡ್ಕೊಂಡು ಕೂತಿದಾರೆ. ಈ ಸಲ ಫೋಟೋ ಕೆಡಬಾರ್ದಂತೆ. ಈ ಕಣ್ಣಿಂದ ಅರ್ಧ ಸ್ಟಾರ್ ಹೋಯ್ತು ಅಂತ ನಾನು ಅವತ್ತು ಗೊಣಗಿದ್ನಲ್ಲ, ಮೊಮ್ಮಗಳ ಮಾರ್ಕು ಹೋಯ್ತು ಅಂದ್ಕೊಂಡಿದಾರೆ. ತನ್ನ ಕಣ್ಣಿಂದ. ಅದಕ್ಕೇ ರೆಪ್ಪೆ ಇಳೀತಿದೆ ಅಂತ ಯಾರಿಗೂ ಹೇಳಿಲ್ಲ. ಬೆರಳು ಕಾಣದ ಹಾಗೆ ಹಿಡಿಯೋದನ್ನ ಕನ್ನಡಿ ಮುಂದೆ ಕೂತು ಕಲ್ತಿದಾರಂತೆ. … ಒಂದ್ನಿಮಿಷ. ಒಂದ್ನಿಮಿಷ ಡಾಕ್ಟ್ರೆ."

"ಫೋಟೋ ಅಲ್ಲ ಅಜ್ಜಿ. … ಬೇಡ ನಂಗೆ ಫೋಟೋ. ಏಳು, ಚಪ್ಪಲಿ ಹಾಕ್ಕೋ. … ಯಾವ ಮಾರ್ಕೂ ಹೋಗಿಲ್ಲ. ಕೈ ಕೊಡು. … ಅದಲ್ಲ, ಆ ಕೈ. ಕಣ್ಣು ಹಿಡ್ಕೊಂಡಿದೀಯಲ್ಲ, ಆ ಕೈನೇ ಕೊಡು. ನಾನು ಹಿಡ್ಕೊತೀನಿ."

"… ಹಾಂ ಡಾಕ್ಟ್ರೆ, ಹೊರಟ್ವಿ. … ಇಲ್ಲ, ಅಳ್ತಿಲ್ಲ. ಯಾವ ಗೇಟಿಂದ ಬರ್ಬೇಕು ಅಂದ್ರಿ? … ಹಲೋ? ಮೆಟ್ಟಿಲಲ್ಲಿದೀವಿ, ಇಲ್ಲಿ ಸರಿಯಾಗಿ ಕೇಳ್ಸಲ್ಲ… ಇಷ್ಟು ತಡ ಮಾಡಿದೀನಲ್ಲ ಡಾಕ್ಟ್ರೆ, ಇನ್ನೂ ಹೊತ್ತಿದೆ ಅಲ್ವಾ? … ಹಲೋ? ಹೊತ್ತಿದೆ ಅಲ್ವಾ? … ಹಲೋ…"