ಸೂಜಿ ಸವದದ್ದು ಯಾಕ

…ಏನಂದ್ರಿ? ಹಾಡಿನ ಪ್ಲೇಟ್ ಹಾಕಾಕ ಹೊಸ ಟರ್ನ್‌ಟೇಬಲ್ ತಂದ್ರ ಸೌಂಡು "ತೆರಕೊಂತೈತಿ"? ಅಯ್ಯ! ನಮ್ಮ ಬಚ್ಚಲ ಬಾಗಿಲು ಮೂರು ವರ್ಷದಿಂದ ಸರಿಯಾಗಿ ತೆರಕೊಳ್ಳವಲ್ದು, ಮೊದ್ಲು ಅದನ್ನ ನೋಡ್ರಿ.

ಯಾಕ ನಗ್ತೀರಿ? ನಗೋ ಮಾತಲ್ಲ ಇದು. ನಿಮ್ಮ ಸ್ನೇಹಿತ್ರು ಉಮಾಮಹೇಶ್ವರಪ್ಪಾರು ಮಡಕಶಿರಾದಿಂದ ಫೋನ್ ಮಾಡಿದ್ದೇ ತಡ, ನಿಮ್ಮ ಕಾಲು ನೆಲಕ್ಕ ಹತ್ತವಲ್ವು. ಹೊಸಾದು ತಗೋರಿ ಅಂತ ಹೇಳೋರೂ ಅವ್ರೇ, ಹಳೇದನ್ನ ಭಾನುವಾರ ಕಾರಿನಾಗ ಹಾಕ್ಕೊಂಡು ಹೋಗೋರೂ ಅವ್ರೇ. ಎಂಥಾ ಪರೋಪಕಾರ, ಅಬ್ಬಬ್ಬಾ!

ಏನು, ನನಗ ತಿಳಿಯಂಗಿಲ್ಲಾ? ಸರಿ, ತಿಳಿಯಂಗಿಲ್ಲ. ತಿಳಿದೋರು ನೀವು. ಪ್ಲೇಟಿನ ಮ್ಯಾಲೆ ಬೀಳೋ ಸೂಜಿ ಭಾರ ನೋಡಾಕ ಅಕ್ಕಸಾಲಿಗನ ತಕ್ಕಡಿಯಂಥದ್ದು ತಂದು ಇಟ್ಟೀರಿ. ಭೈರವಾನಿತಿಪ್ಪ ಡ್ಯಾಮಿನಾಗ ನೌಕರಿ ಮಾಡ್ತೀರಿ, ಅಲ್ಲಿ ನೀರನ್ನ ಇಷ್ಟು ನಿಗಾ ಇಟ್ಟು ಅಳೀತೀರೋ ಇಲ್ಲೋ! ಹೋದ ಭಾನುವಾರ ಏನಾತು, ಹೇಳ್ಲೇನು? ಪ್ಲೇಟ್ ಮುಗಿದು ಹತ್ತು ನಿಮಿಷ ಆಗಿತ್ತು. ಸೂಜಿ ನಡುವಿನ ಖಾಲಿ ಜಾಗದಾಗ ಗರಕ್… ಗರಕ್… ಅಂತ ಸುತ್ತಾಕ ಹತ್ತಿತ್ತು. ನೀವು ಕಣ್ಣು ಮುಚ್ಚಿ "ಆಹಾ" ಅಂದ್ರಿ. ಅಂದ್ರಿ, ಅಂದ್ರಿ! ನಾನು ಬಾಗಲದಾಗ ನಿಂತು ಕೇಳೀನಿ.

ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ. ಆ ಪೆಟ್ಟಿಗಿಗೆ ಏನೂ ಆಗಿಲ್ರಿ. ಸೂಜಿ ಸವದೈತಿ, ಅಷ್ಟೇ. ಹೆಂಗ ಹೇಳ್ತೀನಾ? ಮನ್ಯಾಗ ಕುಂತು ಹಗಲೆಲ್ಲ ಜೀನ್ಸ್ ಪ್ಯಾಂಟಿನ ಜೇಬು ಹೊಲಿಯಾಕಿ ನಾನು. ಸೂಜಿ ಮೊಂಡಾತು ಅಂತ ಮಷೀನೇ ಬದಲಾಯಿಸ್ತೀನೇನು? ಸೂಜಿ ಬದಲಾಯಿಸ್ತೀನಿ.

ನಂಬಲ್ಲಾ? ಆ ಬೀಸೋ ಪದದ ಪ್ಲೇಟ್ ಐತಲ್ಲ, ಅದನ್ನ ಕೇಳಿದ್ರ ನಿಮಗೇ ತಿಳೀತೈತಿ. ಮೊದ್ಲಿನ ಹಾಡು ಚಂದ ಬರ್ತೈತಿ. ಸೂಜಿ ಒಳಗೊಳಗ ಹೋದಂಗ ಕೆಡ್ತೈತಿ. ಕಡೇ ಹಾಡಿನಾಗಂತೂ ಹಾಡೋ ಆಯಮ್ಮ "ಸೊಸಿ" ಅಂದಲ್ಲೆಲ್ಲ ಬಟ್ಟಿ ಹರದಂಗ ಚರ್ ಅಂತೈತಿ. ಎಂಥಾ ಕೊರಳ್ರಿ ಆಯಮ್ಮಂದು! ಆ ಕೊರಳು ಹಂಗ ಹರಿಯೋದು ಕೇಳಾಕ ಆಗಲ್ಲ ನನಗ…

ಯಾಕ್ರಿ, ಆ ಪ್ಲೇಟ್ ಕೈಗೆ ತಗೊಂಡ್ರಿ? ನನಗ ಹೆಂಗ ಗೊತ್ತಂತೀರಾ?

ಏನಿಲ್ಲ… ಭಾನುವಾರ ನೀವು ಹಾಕಿದಾಗ ಅಡಿಗಿ ಮನಿಗೆ ಕೇಳಿಸ್ತು, ಅಷ್ಟೇ. ಹಂಗ್ಯಾಕ ನೋಡ್ತೀರಿ?… ಓ. ಅದನ್ನ ನೀವು ಹಾಕೇ ಇಲ್ಲ, ಅಲ್ಲಾ? ಸೀಲ್ ಒಡದ್ರ ಬೆಲಿ ಹೋಗ್ತೈತಿ ಅಂತ ಪ್ಲಾಸ್ಟಿಕ್ ಸಮೇತ ಎತ್ತಿಟ್ಟೀರಿ.

ಹೌದ್ರಿ. ನಾನೇ ಬಿಚ್ಚಿದೆ. ತಳದಾಗ ಬ್ಲೇಡಿನಿಂದ ಸೀಳಿ ತೆಗೀತೀನಿ, ಕೇಳಿ ಮತ್ತ ಹಂಗೇ ಒಳಗಿಡ್ತೀನಿ. ನೀವು ಡ್ಯೂಟಿಗೆ ಹೋದ ಮ್ಯಾಲೆ, ಮಷೀನ್ ನಿಲ್ಸಿ, ದಿನಾ ಒಂದು ತಾಸು. ನಾಕು ವರ್ಷ ಆತು. ವಾರಕ್ಕೊಮ್ಮೆ ಹಾಕಿ ತೂಕಡಿಸೋ ನಿಮ್ಮಿಂದ ಸೂಜಿ ಹಿಂಗ ಸವೀತಿತ್ತೇನು?

ಯಾಕ ಮುಚ್ಚಿಟ್ಟಿ ಅಂತೀರಾ? ನಾನೇ ಹೇಳ್ತೀನಿ. ಈ ಪೆಟ್ಟಿಗಿ ಮನಿಗೆ ಬಂದ ದಿನ ನಾನೂ ಹತ್ರ ಬಂದು ಬಗ್ಗಿ ನೋಡಿದೆ. ಎಷ್ಟು ಆಸಿ ಇತ್ತು! ಉಮಾಮಹೇಶ್ವರಪ್ಪಾರ ಎದುರಿಗೇ, ನೀಲಿ ಕೈಲೆ ಮುಟ್ಟಬ್ಯಾಡ ಅಂದ್ರಿ. ಜೀನ್ಸಿನ ಬಣ್ಣ ರೀ ಅದು, ತೊಳದ್ರೂ ಹೋಗಲ್ಲ. ಅಷ್ಟಕ್ಕೇ ಬಿಟ್ಟಿದ್ರ ನಾನೂ ಮರೀತಿದ್ದೆ. ಅವ್ರ ಕಡೆ ತಿರುಗಿ, ಈಕಿಗೆ ಹೊಲಿಗಿ ಮಷೀನಿನ ಸದ್ದೇ ಸಂಗೀತ ಅಂದ್ರಿ. ಅವ್ರು ನಕ್ರು. ನೀವೂ ನಕ್ರಿ. ಚಹಾದ ಲೋಟ ಹಿಡ್ಕೊಂಡು ನಾನೂ ನಕ್ಕೆ.

ಈಗ್ಯಾಕ ತಲಿ ಬಗ್ಗಿಸ್ತೀರಿ? ಬೈರಿ ಬೇಕಾದ್ರ…

ಹೋಗ್ಲಿ ಬಿಡ್ರಿ. ಹೊಸಾದು ತರ್ರಿ, ನಾ ಬ್ಯಾಡನ್ನಲ್ಲ. ಹಳೇದು ಮಾತ್ರ ಯಾರ ಕಾರೂ ಹತ್ತಂಗಿಲ್ಲ. ತಂದವ್ರು ನೀವು, ದಿನಾ ಕೇಳಿದಾಕಿ ನಾನು.