ಕರ್ಚೀಫ್ ಬಿಚ್ಚು

…ಬಿಚ್ಚು ಅಂದೆನಲ್ಲ! ಕರ್ಚೀಫು, ಕರ್ಚೀಫು! ಬ್ಯಾಂಕ್ ದರೋಡೆಗೆ ಹೊರಟಿದ್ದೀಯಾ? ನನ್ನ ಪಕ್ಕ ಕೂತು ಈ ಟ್ಯಾಂಕರ್ ಓಡಿಸೋನು ಮೂಗು ಮುಚ್ಚಿಕೊಳ್ಳೋ ಹಾಗಿಲ್ಲ. ಕಂಪನಿ ಕಾನೂನಲ್ಲ, ನನ್ನ ಕಾನೂನು... ಹಾಂ. ಹಾಗೆ. ಈಗ ಮುಖ ಕಾಣ್ತಿದೆ. ನೋಡೋ ಅಂಥ ಮುಖವೇನಲ್ಲ ಬಿಡು. ನನ್ನ ಮಗಳು ಅದರಲ್ಲಿ ಅದೇನು ಕಂಡಳೋ, ಅವಳನ್ನೇ ಕೇಳಬೇಕು.

ಯಾಕೆ ನಗ್ತೀಯ? ತಮಾಷೆ ಅಂದುಕೊಂಡೆಯಾ? ಮನೇಲಿ ಮಗಳ ಎದುರಿಗೆ 'ಬನ್ನಿ ಅಳಿಯಂದಿರೇ, ಕೂತ್ಕೊಳ್ಳಿ ಅಳಿಯಂದಿರೇ'. ಲಾರಿ ಒಳಗೆ 'ಏಯ್'. ಬೇಜಾರು ಮಾಡಿಕೊಳ್ಳೋದಿದ್ದರೆ ಮನೆಗೆ ಹೋದ ಮೇಲೆ ಮಾಡಿಕೋ. ಈಗ ಮುಂದೆ ನೋಡು, ಎರಡನೇ ಗೇರಿಗೆ ಬಾ. ಬೆಳಿಗ್ಗೆ ಆ ಕ್ಯಾಂಟೀನಿನ ಕೊಳಚೆ ಗುಂಡಿಯಿಂದ ಎಳೆದದ್ದು ಅರ್ಧ ಟ್ಯಾಂಕು. ಖಾಲಿ ಟ್ಯಾಂಕರನ್ನ ಯಾವ ಕತ್ತೆಯಾದರೂ ಓಡಿಸುತ್ತೆ. ಪೂರ್ತಿ ತುಂಬಿದ್ದು ಹೊಸ ಸೊಸೆ ಹಾಗೆ ತೆಪ್ಪಗೆ ಕೂತಿರುತ್ತೆ. ಈ ಅರ್ಧ ತುಂಬಿದ್ದು ಇದೆಯಲ್ಲ, ಅದೇ ಅಪಾಯ. ತಿರುವಿನಲ್ಲಿ ನೀನು ಎಡಕ್ಕೆ ಹೋದರೆ ಅದು ಬಲಕ್ಕೆ ಹೋಗುತ್ತೆ. ತುಂಬಿದ ಕೊಡ ತುಳುಕಲ್ಲ ಅಂತ ಗಾದೆ ಕಟ್ಟಿದ ಪುಣ್ಯಾತ್ಮ ಹಿಂದಿನ ಜನ್ಮದಲ್ಲಿ ಟ್ಯಾಂಕರ್ ಡ್ರೈವರೇ ಆಗಿರಬೇಕು.

ಅಯ್ಯೋ, ಮರೆತೇ ಬಿಟ್ಟೆ! ಇದನ್ನ ನಿನಗೆ ಹೇಳಿಕೊಡ್ತಿದ್ದೀನಲ್ಲ, ನನ್ನ ಬುದ್ಧಿಗಿಷ್ಟು! ಹಾಲಿನ ಟ್ಯಾಂಕರನ್ನ ಮಗುಚಿ ಹಾಕಿದ ಮಹಾನುಭಾವ ನೀನು... ನಾಯಿ ಅಡ್ಡ ಬಂತು. ಗೊತ್ತಪ್ಪ, ನಾಯಿ ಅಡ್ಡ ಬಂತು. ಮದುವೆ ಮನೆಯಿಂದ ಸಾವಿನ ಮನೆ ತನಕ ಎಲ್ಲ ಕಡೆ ಹೇಳಿಕೊಂಡು ಬಂದಿದ್ದೀಯ, ನಾಯಿ ಅಡ್ಡ ಬಂತು! ಅಕ್ಕಪಕ್ಕದವರೆಲ್ಲ ಬಿಂದಿಗೆ, ಬಕೆಟ್ಟು ಹಿಡಿದುಕೊಂಡು ಓಡಿ ಬಂದರಂತೆ. ಆ ನಾಯಿಯೂ ರಸ್ತೆ ನೆಕ್ಕಿ ನೆಕ್ಕಿ ಹೊಟ್ಟೆ ತುಂಬ ಕುಡೀತಂತೆ. ಅವತ್ತು ಲಾಭ ಆಗದೇ ಇದ್ದೋನು ನೀನೊಬ್ಬನೇ.

ಇದು ಮಗುಚಿದರೆ ಯಾರೂ ಬಿಂದಿಗೆ ತರಲ್ಲ. ನೆನಪಿಟ್ಟುಕೋ.

ಆದರೂ ಒಂದು ಮಾತು ಹೇಳ್ತೀನಿ ಕೇಳು. ಹಾಲಿನ ಟ್ಯಾಂಕರ್‌ಗೂ ಇದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಅದೇ ವಾಲ್ವು, ಅದೇ ಹೋಸು, ಅದೇ ಉರುಟು ಹೊಟ್ಟೆ. ಹಾಲಿಗೆ ಜನ ನೀರು ಬೆರೆಸ್ತಾರೆ. ಇದರಲ್ಲಿ ಯಾರೂ ಮೋಸ ಮಾಡಲ್ಲ. ಅಪ್ಪಟ ಮಾಲು!

ಏನು ಗೊಣಗಿದೆ? ವಾಸನೆನಾ? ಇದು ನಿನಗೆ ವಾಸನೆನಾ? ಏ, ಇದು ಅತ್ತರು ಕಣಯ್ಯ! ನಿನ್ನ ವಯಸ್ಸಲ್ಲಿ ನಾನು ಗುಂಡಿ ಪಕ್ಕದಲ್ಲೇ ಕೂತು ಬುತ್ತಿ ತಿಂದೋನು. ನೀನು ನೋಡಿದರೆ... ಮಗಳಿಗೆ ಹೇಳಿ ಕಳಿಸಿದ್ದೆ, ಮೊದಲ ದಿನ, ಖಾಲಿ ಹೊಟ್ಟೆಯಲ್ಲಿ ಕಳಿಸು ಅಂತ. ಅವಳು ಪ್ರೀತಿಯಿಂದ ತಿಂಡಿ ತುಂಬಿಸಿ ಕಳಿಸಿದಳು, ನೀನು ಅದನ್ನ ಕ್ಯಾಂಟೀನಿನ ಗೋಡೆಗೆ ಒಪ್ಪಿಸಿ ಬಂದೆ. ಛೇ!

ಶೆಡ್ಡಿನಲ್ಲಿ ನನ್ನನ್ನ ಏನಂತ ಕರೀತಾರೆ, ಬೆಳಿಗ್ಗೆ ಕೇಳಿಸಿಕೊಂಡೆಯಲ್ಲ? ಮೂಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಸಂಬಳದ ಚೀಟಿಗೆ ಮಾತ್ರ. ಗುಂಡಿ ಮುಚ್ಚಳ ಒಂದು ಬೆರಳಷ್ಟು ಸರಿಸಿದರೆ ಸಾಕು, ಒಳಗೆ ವಿಷಗಾಳಿ ಇದೆಯೋ ಇಲ್ಲವೋ, ಜಿಡ್ಡೋ, ಸೋಪೋ, ಎಷ್ಟು ಹಳೇದೋ, ಎಲ್ಲ ಹೇಳಿಬಿಡ್ತೀನಿ. ನಾನು 'ತೆಗಿ' ಅಂದರೆ ತೆಗೀತಾರೆ. 'ಬೇಡ' ಅಂದರೆ ಎದ್ದೆವೋ ಬಿದ್ದೆವೋ ಅಂತ ಓಡ್ತಾರೆ. ಗಾಳಿ ಅಳೆಯೋ ಮೀಟರ್ ಒಂದಿದೆ. ಸೂಪರ್‌ವೈಸರ್ ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ, ಹೆಂಡತಿ ಒಡವೆ ಥರ. 'ಮೂಗಣ್ಣ ಇರೋ ಗಾಡಿಗೆ ಮೀಟರ್ ಯಾಕ್ರೀ' ಅಂತಾನೆ. ಮತ್ತೆ? ಇಲ್ಲದಿದ್ದರೆ ಈ ಸೊಂಟ, ಈ ಮಂಡಿ ಇಟ್ಟುಕೊಂಡಿರೋ ಮುದುಕನಿಗೆ ಯಾವನು ಸಂಬಳ ಕೊಡ್ತಾನೆ? ಹೋಸ್ ಎತ್ತಕ್ಕಾಗಲ್ಲ, ಕ್ಲಚ್ ಒತ್ತಕ್ಕಾಗಲ್ಲ. ಮೂಗು ದುಡೀತಿದೆ, ಉಳಿದ ದೇಹ ಕೂತು ತಿಂತಿದೆ.

ಬೆಳಿಗ್ಗೆ ನೋಡಿದೆಯಲ್ಲ? ನೀನು ಮುಚ್ಚಳ ಸರಿಸಿದೆ, ಒಂದು ಸಲ ಓಕರಿಸಿದೆ, ಕಣ್ಣಲ್ಲಿ ನೀರು ಹಾಕಿಕೊಂಡೆ. ನಾನು ಅಲ್ಲಿ ಪಂಪಿನ ಹತ್ತಿರ ನಿಂತುಕೊಂಡೇ ಹೇಳಿದೆ, 'ಜಿಡ್ಡು! ಹಳೇ ಎಣ್ಣೆ ಜಿಡ್ಡು!' ಸರಿ ಇತ್ತೋ ಇಲ್ಲವೋ?... ಏನು? ಕ್ಯಾಂಟೀನ್ ಅಂದಮೇಲೆ ಎಣ್ಣೆ ಇಲ್ಲದೆ ಇನ್ನೇನಿರುತ್ತೆ ಅಂತಾನಾ? ಅಬ್ಬಬ್ಬಾ! ಮಾತು ಬಂತಪ್ಪ ಅಳಿಯ ದೇವರಿಗೆ! ಮೂಗು ಹಿಡಿದರೆ ಬಾಯಿ ತೆರೆಯುತ್ತೆ ಅನ್ನೋದು ಇದಕ್ಕೇ.

ನಿಲ್ಲಿಸು, ಸಿಗ್ನಲ್ಲು. ನೋಡು, ನೋಡು, ಆ ಕಾರಿನವಳು ಗಾಜು ಏರಿಸಿದಳು. ಈ ಸ್ಕೂಟರಿನವನು ಉಸಿರು ಕಟ್ಟಿಕೊಂಡು ಕೂತಿದ್ದಾನೆ, ಮುಖ ಬದನೆಕಾಯಿ ಆಗ್ತಿದೆ. ಹಸಿರು ಬೀಳೋತನಕ ಬದುಕಿದ್ದರೆ ಅವನ ಪುಣ್ಯ! ನಾವೇನು ನಮ್ಮ ಮನೆಯದನ್ನ ಹೊತ್ತುಕೊಂಡು ಹೋಗ್ತಿದ್ದೀವಾ? ನಿಮ್ಮದೇ ಕಣ್ರಮ್ಮಾ! ನಿಮ್ಮ ಸರಕನ್ನ ನೀವೇ ಗುರುತು ಹಿಡೀದಿದ್ದರೆ ಹೇಗೆ?... ಮೂಗು ಮುರಿಯೋ ವಿಷಯದಲ್ಲಿ ಬಡವ ಬಲ್ಲಿದ ಅನ್ನೋ ಭೇದವೇ ಇಲ್ಲ ನೋಡು.

ನೀನೇನು ಕಮ್ಮಿನಾ? ನಿಮ್ಮಮ್ಮನಿಗೆ ಏನು ಹೇಳಿದ್ದೀಯ? ನೀರಿನ ಟ್ಯಾಂಕರ್ ಅಂತ ತಾನೆ? ಮಗಳು ಹೇಳಿದಳು. ಸಂಜೆ ಈ ಬಟ್ಟೆ ಬಕೆಟ್ಟಿಗೆ ಹಾಕಿದ ಮೇಲೆ ಆಯಮ್ಮ ಕೇಳಲ್ಲವಾ, 'ಇದ್ಯಾವ ಕೆರೆ ನೀರಪ್ಪ ಮಗನೇ' ಅಂತ? ಆಗೇನು ಹೇಳ್ತೀಯ? ನಾಯಿ ಅಡ್ಡ ಬಂತು ಅಂತೀಯಾ?

ಹಾಲಾ? ಯಾವ ಹಾಲು?... ಓ, ಅದಾ. ನಿನ್ನ ಅತ್ತೆ ಹೇಳಿದಳಾ? ಅವಳ ಬಾಯಿಗೆ ಬೀಗವೇ ಇಲ್ಲ. ಒಲೆ ಮೇಲೆ ಹಾಲಿಟ್ಟು ಪಕ್ಕದ ಮನೆಗೆ ಹೋದಳು. ನಾನು ಪೇಪರ್ ಓದ್ತಾ ಕೂತಿದ್ದೆ. ಸೀದು ಪಾತ್ರೆ ಕರಕಲಾಯಿತು. ಗಮನ ಇರಲಿಲ್ಲ, ಅಷ್ಟೇ! ಗಂಡಸು ಪೇಪರ್ ಓದುವಾಗ ಹಾಲು ಕಾಯಬೇಕಾ? ಇದಕ್ಕೂ ಅದಕ್ಕೂ ಏನು ಸಂಬಂಧ? ರಸ್ತೆ ನೋಡು ನೀನು. ಹಸಿರು ಬಿತ್ತು. ಹಸಿರು!

ಹಾಂ, ಇಲ್ಲೇ, ಈ ಲಾಡ್ಜು. ಹಿಂದಿನ ಗೇಟಿಂದ ಹೋಗು. ಮುಂದುಗಡೆ ಗಾಜಿನ ಬಾಗಿಲು, ಮೀನಿನ ತೊಟ್ಟಿ, ಟೈ ಕಟ್ಟಿದ ಹುಡುಗ. ಹಿಂದುಗಡೆ ನಾವು. ಹಿಂದಕ್ಕೆ ತಗೋ... ಬರ್ಲಿ, ಬರ್ಲಿ, ಬರ್ಲಿ... ಬಲಕ್ಕೆ ಹೊಡಿ... ಸಾಕು, ಸಾಕು! ಆ ಹೂವಿನ ಕುಂಡ ಕಾಣಲ್ವಾ ನಿನಗೆ? ನಾಯಿ ಕಾಣುತ್ತೆ, ಕುಂಡ ಕಾಣಲ್ಲ!

ಮೇಲೆ ನೋಡು, ಮ್ಯಾನೇಜರ್ ಸಾಹೇಬರು. ಮೊದಲನೇ ಮಹಡಿ ಕಿಟಕಿಯಿಂದ ಕರ್ಚೀಫ್ ಹಿಡಿದುಕೊಂಡು 'ಆ ಕಡೆ, ಆ ಕಡೆ' ಅಂತ ಬೆರಳು ಆಡಿಸಿದ. ಕಿಟಕಿ ಹಾಕಿಕೊಂಡ. ಮುಗೀತು ಅವನ ಕೆಲಸ. ಇಳಿದು ಬಂದು ಮುಚ್ಚಳ ತೋರಿಸಕ್ಕೆ ಕಾಲಿಗೇನು ರೋಗ? ಹೋಗಲಿ, ಇಳಿ.

ಮೊದಲು ಚಕ್ರಕ್ಕೆ ಕಲ್ಲು ಕೊಡು. ಹೋಸ್ ಹೆಗಲಿಗೆ ಹಾಕು. ಮಗು ಎತ್ತಿಕೊಂಡ ಹಾಗಲ್ಲ ಮಾರಾಯ, ಮೂಟೆ ಎತ್ತಿದ ಹಾಗೆ! ಸೋರುತ್ತಾ? ಸೋರಲಿ ಬಿಡು. ಬೆಳಗಿನ ಜಿಡ್ಡು ಅದು, ತೊಳೆದರೆ ಹೋಗುತ್ತೆ. ಒಂದು ವಾರ ತೊಳೆದರೆ.

ಈಗ ಕೇಳು. ನಾನು ಇಲ್ಲಿ ಪಂಪಿನ ಹತ್ತಿರ ನಿಲ್ತೀನಿ. ನೀನು ಅಲ್ಲಿ ಹೋಗಿ ಸರಳು ಹಾಕಿ ಮುಚ್ಚಳ ಸರಿಸು. ಸರಿಸುವಾಗ ಮುಖ ನನ್ನ ಕಡೆ ಇರಬೇಕು. ಬೆನ್ನು ತೋರಿಸಬೇಡ... ಯಾಕೆ ಅಂತೆಲ್ಲ ಕೇಳಬೇಡ. ಹಳೇ ಹೆಲ್ಪರ್ ಹೀಗೇ ಯಾಕೆ ಯಾಕೆ ಅಂತಿದ್ದ, ಬೇರೆ ಗಾಡಿಗೆ ಹಾಕಿಸಿದೆ. ಅವನದು ಕಲ್ಲಿನ ಮುಖ. ಹೆಣ ಎದ್ದು ಕೂತರೂ ಹುಬ್ಬು ಅಲ್ಲಾಡಲ್ಲ. ಅಂಥವನನ್ನ ಕಟ್ಟಿಕೊಂಡು ನಾನೇನು ಮಾಡಲಿ? ಹೊಸಬರನ್ನ ಕೊಡಿ ಅಂತ ನಾನೇ ಕೇಳಿದೆ. ಮನೆಯವನೇ ಆದರೆ ಇನ್ನೂ ಒಳ್ಳೇದು ಅಂದೆ... ಮಗಳ ಮೇಲಿನ ಪ್ರೀತಿಗಪ್ಪ, ಇನ್ನೇತಕ್ಕೆ? ಹಾಗೆಲ್ಲ ಹುಬ್ಬು ಏರಿಸಬೇಡ. ಸಂಜೆ ಸೂಪರ್‌ವೈಸರ್ ಕೇಳೋದು ನನ್ನನ್ನೇ, 'ಅಳಿಯ ಪಾಸೋ ಫೇಲೋ' ಅಂತ. ನನ್ನ ನಾಲಿಗೆ ಮೇಲೆ ಇದೆ ನಿನ್ನ ಅನ್ನ.

ಹೋಗು.

ಹಾಂ, ಅಲ್ಲೇ. ಸರಳನ್ನ ತೂತಿಗೆ ಹಾಕು. ಮೀಟು... ಇನ್ನೂ ಸ್ವಲ್ಪ... ಮುಖ! ಮುಖ ಈ ಕಡೆ!... ಅಹಹಹಾ! ನೋಡು, ಹೇಗೆ ಕಿವುಚಿದ ಮುಖ! ಬಂತಲ್ಲ? ಇಲ್ಲಿಗೂ ಬಂತು ಕಣೋ! ಏನು ನಾತ, ಏನು ನಾತ! ತೆಗೆಸಿ ಎರಡು ವರ್ಷದ ಮೇಲಾಗಿದೆ. ಮೇಲುಗಡೆ ಲಾಡ್ಜಿನ ಸೋಪು, ಕೆಳಗೆ ಕೊಳೆತ ಮೊಟ್ಟೆ. ಕೊಳೆತ ಮೊಟ್ಟೆ ಬಂದರೆ ಹುಷಾರಾಗಬೇಕು, ತಿಳಕೋ. ಬರ್ತಾ ಇದ್ದದ್ದು ಇದ್ದಕ್ಕಿದ್ದ ಹಾಗೆ ನಿಂತುಹೋದರೆ ಓಡಬೇಕು. ವಿಷಗಾಳಿ ಮೊದಲು ಕೊಲ್ಲೋದು ಮೂಗನ್ನ. ಮನುಷ್ಯನನ್ನ ಆಮೇಲೆ... ಇದು ಪರವಾಗಿಲ್ಲ. ಸಾದಾ ಗುಂಡಿ. ನಾನು ಹೇಳಿದೆ ಅಂದಮೇಲೆ ಮುಗೀತು. ಪೂರ್ತಿ ತೆಗಿ, ಹೋಸ್ ಇಳಿಸು. ಪಂಪ್ ಹಾಕ್ತೀನಿ.

ಇಳಿಸು.

ಏಯ್, ಇಳಿಸಯ್ಯ ಅಂದರೆ! ಯಾಕೆ ನಿಂತೆ? ಒಳಗೆ ಏನು ನೋಡ್ತಿದ್ದೀಯ, ಸಿನಿಮಾ ಓಡ್ತಿದೆಯಾ? ನಾತ ಇಲ್ಲಿ ಮುಖಕ್ಕೆ ಹೊಡೀತಿದೆ ನನಗೆ... ಏನು? ಬಾಯಿ ಬಿಡು. ಕೆಳಗೆ ನೋಡ್ತಾನೆ, ನನ್ನ ನೋಡ್ತಾನೆ. ಕೆಳಗೆ ನೋಡ್ತಾನೆ, ನನ್ನ ನೋಡ್ತಾನೆ. ದೆವ್ವ ಬಡೀತಾ? ಇರು, ನಾನೇ ಬರ್ತೀನಿ. ಈ ಮಂಡಿ ಎಳಕೊಂಡು ಬರೋ ಹಾಗೆ ಮಾಡಿದೆಯಲ್ಲ... ಸರಿ ಆ ಕಡೆ. ನೋಡೋಣ, ಅಂಥಾದ್ದೇನಿದೆ...

ನೀರು.

ತಳ ಕಾಣ್ತಿದೆ. ಇದು... ಇದು ಕುಡಿಯೋ ನೀರಿನ ಸಂಪು.

ಅಲ್ಲಿ ಗೋಡೆ ಪಕ್ಕ ಇನ್ನೊಂದಿದೆ ಮುಚ್ಚಳ. ಗುಂಡಿ ಅದು. ಎರಡೂ ಒಂದೇ ಥರ ಮಾಡಿಟ್ಟಿದ್ದಾರೆ ಬೇವಕೂಫರು, ಹೊಸಬನಿಗೆ ಹೇಗೆ ಗೊತ್ತಾಗಬೇಕು? ಆ ಮ್ಯಾನೇಜರ್ ಇಳಿದು ಬಂದು ತೋರಿಸಿದ್ದರೆ... ನಿನ್ನ ತಪ್ಪಲ್ಲ ಬಿಡು. ಅಲ್ಲ, ನಿನ್ನದೇ ತಪ್ಪು! ಮುಖ ಯಾಕೆ ಹಾಗೆ ಕಿವುಚಿದೆ? ನೀರು ನೋಡಿ ಯಾರಾದರೂ ಮುಖ ಕಿವುಚ್ತಾರಾ?... ಏನು ತೋರಿಸ್ತೀಯ? ಕುತ್ತಿಗೆ... ಹೂಂ. ಹೋಸ್ ಸೋರಿದ್ದು. ಕುತ್ತಿಗೆ ಮೇಲೆ ಇಳೀತು.

ನೋಡು, ನಾನು ಹೇಳಿದ್ದೂ ಅದನ್ನೇ. ಹೋಸಿಂದು. ಅದೇ ಬಂದದ್ದು ಅಲ್ಲಿಗೆ. ಸೋಪು, ಮೊಟ್ಟೆ... ಅಲ್ಲ, ಜಿಡ್ಡು... ಏಯ್, ನಿನ್ನ ಪರೀಕ್ಷೆ ಮಾಡಿದೆ ಕಣೋ! ಹೊಸಬರಿಗೆಲ್ಲ ಹೀಗೇ ಮಾಡೋದು ನಾನು. ಬೇಕಿದ್ದರೆ ಶೆಡ್ಡಿನಲ್ಲಿ ಕೇಳು... ಸ್ವಲ್ಪ ನೆಗಡಿನೂ ಇದೆ. ಮೂಗಿರೋತನಕ ನೆಗಡಿ ತಪ್ಪಿದ್ದಲ್ಲ, ಅಲ್ವಾ? ಅಲ್ವಾ?

ನಗು. ಬೆಳಿಗ್ಗೆಯಿಂದ ಒಳಗೊಳಗೇ ನಗ್ತಿದ್ದೆಯಲ್ಲ, ಈಗ ನಗು! ಶೆಡ್ಡಿಗೆ ಹೋಗಿ ಎಲ್ಲರಿಗೂ ಹೇಳು!

ಹಾಂ, ಮುಚ್ಚು ಅದನ್ನ. ಒಳ್ಳೇ ಕೆಲಸ ಮಾಡಿದೆ... ಎಲ್ಲಿಗೆ ಹೊರಟೆ? ಗೋಡೆ ಹತ್ತಿರ ಯಾಕೆ... ಸರಳು ಹಾಕಿಬಿಟ್ಟೆಯಾ? ಇರು. ಇರೋ! ನನ್ನನ್ನ ಯಾಕೆ ನೋಡ್ತಾ ನಿಂತೆ? 'ತೆಗಿ' ಅನ್ನಬೇಕಾ ನಾನು? ಅಂಚು ಆಗಲೇ ಸರಿದಿದೆಯಲ್ಲ, ಬೆರಳಷ್ಟು... ಮುಖ. ಮುಖದಲ್ಲಿ ಏನೂ ತೋರಿಸ್ತಿಲ್ಲ ನೀನು. ಏನಾದರೂ ಒಂದು ತೋರಿಸೋ! ಬರ್ತಿದೆಯಾ? ಬರ್ತಾ ಇದ್ದದ್ದು ನಿಂತಿತಾ? ಕೆಮ್ಮು, ಉಗುಳು, ನನ್ನನ್ನ ಬಯ್ಯಿ, ಏನಾದರೂ...

ಬೇಡ. ಬೇಡ, ಬಿಡು! ಕೈ ತೆಗಿ ಅಲ್ಲಿಂದ! ನನಗೆ ಬರ್ತಿಲ್ಲ ಕಣೋ. ಏನೂ ಬರ್ತಿಲ್ಲ. ಹೋಸಿಂದೂ ಇಲ್ಲ, ಗುಂಡೀದೂ ಇಲ್ಲ, ಒಲೆ ಮೇಲಿಂದೂ ಇಲ್ಲ. ಹೋದ ಚಳಿಗಾಲದಿಂದ ಈ ಮೂಗು ಸುಮ್ಮನೆ ಮುಖದ ಮೇಲೆ ಕೂತಿದೆ. ನಿಮ್ಮ ಮುಖ ನೋಡಿಕೊಂಡು ಹೇಳ್ತಿದ್ದೆ ಎಲ್ಲ. ನಾನು 'ತೆಗಿ' ಅಂದರೂ ತೆಗೀಬೇಡ. ನಾಳೆ ಅಂದರೂ ತೆಗೀಬೇಡ... ಇನ್ನೂ ಅಲ್ಲೇ ನಿಂತಿದ್ದಾನೆ ನೋಡು, ಕತ್ತೆ! ನಿನಗೇನಾದರೂ ಆದರೆ ನನ್ನ ಮಗಳಿಗೆ ನಾನು ಯಾವ ಮುಖ ತೋರಿಸಲಿ? ಬಾ ಅಂದೆನಲ್ಲ! ಮೊದಲು ಈ ಕಡೆ ಬಾ. ಆಮೇಲೆ ಯಾರಿಗೆ ಬೇಕಾದರೂ ಹೇಳು.